ಶೆಡ್ಡಿನ ಗಾಳಿ, ಜ್ವರದ ದಿನದ ಕೂಲಿ

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನ ಸಣ್ಣ ಸಿವಿಲ್ ಗುತ್ತಿಗೆದಾರ. ವೇಮಗಲ್, ನರಸಾಪುರದ ಕಡೆ ಗೋದಾಮು ಮತ್ತು ಬಾಡಿಗೆ ಮನೆಗಳನ್ನು ಕಟ್ಟಿಸುತ್ತೇನೆ. ನನ್ನ ಬಳಿ ಸುಮಾರು ನಲವತ್ತು ಜನ ಇದ್ದಾರೆ. ಅರ್ಧ ಮಂದಿ ಸುತ್ತಲಿನ ಹಳ್ಳಿಗಳಿಂದ ಟೆಂಪೊದಲ್ಲಿ ಬಂದು ಹೋಗುತ್ತಾರೆ. ಉಳಿದವರು ರಾಯಚೂರು ಮತ್ತು ಬಿಹಾರದ ಕಡೆಯವರು, ಸೈಟಿನಲ್ಲೇ ತಗಡಿನ ಶೆಡ್ಡುಗಳಲ್ಲಿ ವಾಸ. 2021ರ ಎರಡನೇ ಅಲೆಯಲ್ಲಿ ಗೇಟಿನಲ್ಲಿ ಜ್ವರ ನೋಡಿದೆವು, ಸ್ಯಾನಿಟೈಸರ್ ಇಟ್ಟೆವು, ದಿನವೂ ಔಷಧಿ ಸಿಂಪಡಿಸಿದೆವು. ಆದರೂ ಹದಿನೈದು ದಿನದೊಳಗೆ ಅರ್ಧ ಜನ ಮಲಗಿದರು, ಕೆಲಸ ನಿಂತಿತು. ಅಂಥ ಸೋಂಕು ಮತ್ತೆ ಬಂದರೆ, ನನ್ನಂಥವರ ಕೈಗೆಟುಕುವ ಖರ್ಚಿನಲ್ಲಿ ಏನು ಮಾಡಬಹುದು?

ಉತ್ತರ: ನೀವು ಆಗ ಅಸಡ್ಡೆ ಮಾಡಿದಿರಿ ಎಂದು ಯಾರೂ ಹೇಳಲಾರರು, ಆ ದಿನಗಳಲ್ಲಿ ಎಲ್ಲ ಕಡೆ ಮಾಡುತ್ತಿದ್ದುದನ್ನೇ ನೀವೂ ಮಾಡಿದ್ದೀರಿ. ಆದರೆ ನಿಮ್ಮ ಹಣ ಮತ್ತು ಶ್ರಮ ಬಹುಪಾಲು ಗೇಟಿನಲ್ಲೇ ಖರ್ಚಾದವು, ಸೋಂಕು ಮಾತ್ರ ಬೇರೆ ಕಡೆ ಹರಡುತ್ತಿತ್ತು. ಔದ್ಯೋಗಿಕ ಆರೋಗ್ಯದ ವೈದ್ಯನಾಗಿ ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯ ಕಾಮಗಾರಿಗಳನ್ನು ಸುತ್ತಿದ ಅನುಭವದಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಬಳಿ ಎರಡೇ ಕೆಲಸಕ್ಕೆ ಹಣವಿದೆ ಎಂದಾದರೆ, ಒಂದನ್ನು ಶೆಡ್ಡಿನ ಗಾಳಿಗೂ ಇನ್ನೊಂದನ್ನು ಜ್ವರ ಬಂದವರ ರಜೆಯ ಕೂಲಿಗೂ ಹಾಕಿ. ಮಾಸ್ಕ್, ಸೋಪು, ಲಸಿಕೆ ಎಲ್ಲವೂ ಬೇಕಾದವೇ, ಆದರೆ ಈ ಎರಡು ಇಲ್ಲದ ಕಡೆ ಅವುಗಳಿಂದ ಅರ್ಧ ಪ್ರಯೋಜನವೂ ಸಿಗುವುದಿಲ್ಲ.

ಕೋವಿಡ್ ಇರಲಿ, ಫ್ಲೂ ಜ್ವರವಿರಲಿ, ಸೋಂಕು ತಗುಲಿದವರು ಉಸಿರಾಡುವಾಗ, ಮಾತನಾಡುವಾಗ, ಕೆಮ್ಮುವಾಗ ಹೊರಬೀಳುವ ಹನಿಗಳಲ್ಲಿ ದೊಡ್ಡವು ಒಂದೆರಡು ಮೀಟರಿನೊಳಗೆ ನೆಲ ಸೇರುತ್ತವೆ; ಅತಿ ಸಣ್ಣವು ಬೀಡಿಯ ಹೊಗೆಯಂತೆ ಗಾಳಿಯಲ್ಲಿ ತೇಲುತ್ತವೆ. ಬಯಲಿನಲ್ಲಿ ಹೊಗೆ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಕಾರ್ಮಿಕರಿಗೂ ನಾನು ಇದೇ ಹೋಲಿಕೆಯನ್ನು ಹೇಳುತ್ತೇನೆ, ಅವರಿಗೆ ಕೂಡಲೇ ಹಿಡಿಸುತ್ತದೆ: ಒಬ್ಬ ಸೇದಿದ ಬೀಡಿಯ ವಾಸನೆ ಎಲ್ಲಿ ಹೋಗದೆ ಉಳಿಯುತ್ತದೆಯೋ ಅಲ್ಲಿ ಒಬ್ಬನ ಸೋಂಕು ಉಳಿದವರಿಗೆ ಹತ್ತುತ್ತದೆ. ಈಗ ಶೆಡ್ಡಿನಲ್ಲಿರುವ ನಿಮ್ಮ ಒಬ್ಬ ಕಾರ್ಮಿಕನ ದಿನವನ್ನು ಲೆಕ್ಕ ಹಾಕಿ ನೋಡಿ. ಎಂಟೊಂಬತ್ತು ಗಂಟೆ ಅವನು ಪಾಯದಲ್ಲಿ, ಸಾರುವೆಯ ಮೇಲೆ, ಮೋಲ್ಡಿನ, ಅಂದರೆ ಕಾಂಕ್ರೀಟ್ ಛಾವಣಿಯ, ಕಂಬಿ ಕಟ್ಟುತ್ತಾ ಬಯಲು ಗಾಳಿಯಲ್ಲಿರುತ್ತಾನೆ. ಸಂಜೆ ಏಳರಿಂದ ಬೆಳಗ್ಗೆ ಆರರವರೆಗೆ ಐದಾರು ಜನರ ಜತೆ ಬಾಗಿಲು ಹಾಕಿದ ತಗಡಿನ ಪೆಟ್ಟಿಗೆಯಲ್ಲಿರುತ್ತಾನೆ. ನೀವು ಜ್ವರ ನೋಡಿದ್ದು ಮೊದಲನೆಯ ಒಂಬತ್ತು ಗಂಟೆಯ ಬಾಗಿಲಿನಲ್ಲಿ.

ಇದಕ್ಕೆ ದೊಡ್ಡ ಉದಾಹರಣೆ ಸಿಂಗಪುರದ್ದು. ಶಿಸ್ತಿಗೂ ಶುಚಿತ್ವಕ್ಕೂ ಹೆಸರಾದ ಆ ನಗರದಲ್ಲಿ ಕಟ್ಟಡ ಮುಂತಾದ ಕೆಲಸಗಳಿಗೆಂದು ಬಂದ ನಮ್ಮ ದೇಶದವರೂ ಬಾಂಗ್ಲಾದೇಶದವರೂ ಸೇರಿ ಸುಮಾರು 3,23,000 ವಲಸೆ ಕಾರ್ಮಿಕರು ವಸತಿಗೃಹಗಳಲ್ಲಿದ್ದರು, ಒಂದೊಂದು ಕೋಣೆಯಲ್ಲಿ ಹತ್ತಾರು ಜನ, ಒಂದರ ಮೇಲೊಂದು ಮಂಚ. 2020ರ ಏಪ್ರಿಲ್‌ನಲ್ಲಿ ಬಹುಪಾಲು ಕಾಮಗಾರಿ ನಿಂತಿತು, ಜನ ಕೋಣೆಗಳಲ್ಲೇ ಉಳಿದರು, ಸೋಂಕು ನಿಲ್ಲಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರವೇ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ವಸತಿಗೃಹಗಳ ನೂರು ಜನರಲ್ಲಿ 47 ಮಂದಿಗೆ ಸೋಂಕು ತಗುಲಿತ್ತು. ನಮ್ಮಲ್ಲೂ 2020ರ ಏಪ್ರಿಲ್ 20ರಿಂದ, ನಗರಗಳಲ್ಲಿ ಕಾರ್ಮಿಕರು ಸ್ಥಳದಲ್ಲೇ ಇದ್ದು ಹೊರಗಿನಿಂದ ಯಾರನ್ನೂ ಕರೆತರುವ ಅಗತ್ಯವಿಲ್ಲದ ಕಾಮಗಾರಿಗಳಿಗೆ ಕೇಂದ್ರ ಗೃಹ ಸಚಿವಾಲಯ ಅನುಮತಿ ಕೊಟ್ಟಿತು. ಹೊರಗಿನ ಸೋಂಕು ಒಳಗೆ ಬಾರದಂತೆ ತಡೆಯಲು ಅದು ಸರಿಯಾದ ಉಪಾಯವೇ. ಆದರೆ ಸೋಂಕು ಒಮ್ಮೆ ಒಳಗೆ ಬಂದರೆ ಅದೇ ಏರ್ಪಾಡು ಎಲ್ಲರನ್ನೂ ಒಂದೇ ಗಾಳಿಯಲ್ಲಿ ಕೂಡಿಹಾಕುತ್ತದೆ.

ಗೇಟಿನ ತಪಾಸಣೆಯ ವಿಷಯವನ್ನೂ ಇಲ್ಲೇ ಮುಗಿಸೋಣ. ಹಣೆಗೆ ಹಿಡಿಯುವ ಜ್ವರದ ಗನ್ ಬಿಸಿಲಿನಲ್ಲಿ ನಿಂತು ಕಾದವರ ಹಣೆಗೆ ಹೆಚ್ಚು ತೋರಿಸುತ್ತದೆ, ಬೆವರಿದವರ ಹಣೆಗೆ ಕಡಿಮೆ ತೋರಿಸುತ್ತದೆ. ಒಂದು ಸೈಟಿನಲ್ಲಿ ನಾನು ತಿರುವಿ ನೋಡಿದ ರಿಜಿಸ್ಟರಿನಲ್ಲಿ ಇಪ್ಪತ್ತು ದಿನವೂ ಎಲ್ಲರಿಗೂ 97.6 ಅಥವಾ 97.8, ಒಂದೇ ಪೆನ್ನು, ಒಂದೇ ಓಟದ ಅಕ್ಷರ. ಬೆಳಗ್ಗೆ ಎಂಟು ಗಂಟೆಯ ಹಾಜರಿಯನ್ನು ಹಿಂದಿನ ದಿನ ಸಂಜೆಯೇ ಬರೆದಿಟ್ಟಂತಿತ್ತು. ಯಂತ್ರ ಸರಿಯಾಗಿದ್ದರೂ ಅಷ್ಟೇ. ಕೋವಿಡ್‌ನಲ್ಲಿ ಲಕ್ಷಣ ಕಾಣಿಸುವುದಕ್ಕೆ ಒಂದೆರಡು ದಿನ ಮುಂಚಿನಿಂದಲೇ ಸೋಂಕು ಹರಡುತ್ತದೆ, ಕೆಲವರಿಗೆ ಜ್ವರ ಬರುವುದೇ ಇಲ್ಲ. ಜ್ವರ ಬಂದವರೂ ಗೇಟಿಗೆ ಬರುವ ಮುಂಚೆ ಜ್ವರ ಇಳಿಸುವ ಒಂದು ಡೋಲೊ ಮಾತ್ರೆ ನುಂಗಿದರೆ ಗನ್ ಮೋಸಹೋಗುತ್ತದೆ. ಅವರು ಯಾಕೆ ನುಂಗುತ್ತಾರೆ ಎಂಬ ಪ್ರಶ್ನೆ ಯಂತ್ರಕ್ಕೆ ಸಂಬಂಧಿಸಿದ್ದಲ್ಲ, ಕೂಲಿಗೆ ಸಂಬಂಧಿಸಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಶೆಡ್ಡಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. 2021ರ ಮೇ ತಿಂಗಳಲ್ಲಿ ಮಾಲೂರು ರಸ್ತೆಯ ಒಂದು ಕಾಮಗಾರಿಯಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಶೆಡ್ಡಿನಲ್ಲಿ ಆರು ಜನ ಮಲಗುತ್ತಿದ್ದರು. ಒಂದೇ ಬಾಗಿಲು. ಹಿಂದಿನ ಗೋಡೆಯಲ್ಲಿ ಒಂದಡಿ ಚೌಕದ ಕಿಂಡಿಯಿತ್ತು, ಅದಕ್ಕೆ ಖಾಲಿ ಸಿಮೆಂಟ್ ಚೀಲವನ್ನು ಮಡಚಿ ತುರುಕಿದ್ದರು. ಯಾಕೆಂದು ಕೇಳಿದರೆ ಮಳೆಯ ಎರಚಲು ಒಂದು ಕಾರಣ, ಸೊಳ್ಳೆ ಇನ್ನೊಂದು. ಬಾಗಿಲನ್ನೂ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು, ಏಕೆಂದರೆ ಹಿಂದಿನ ವಾರ ಇಬ್ಬರ ಮೊಬೈಲ್ ಕಳುವಾಗಿತ್ತು. ನೆಲದ ಮೇಲೆ ಆರು ಚಾಪೆ ಒಂದಕ್ಕೊಂದು ತಾಗಿಕೊಂಡು, ಎಲ್ಲರ ತಲೆಯೂ ಒಂದೇ ಗೋಡೆಯ ಕಡೆ, ಏಕೆಂದರೆ ಚಾರ್ಜರ್ ಹಾಕುವ ಪ್ಲಗ್ ಪಾಯಿಂಟ್ ಇದ್ದದ್ದು ಆ ಗೋಡೆಯಲ್ಲಿ. ಇಂಥ ಕಡೆ ಒಬ್ಬನಿಗೆ ಸೋಂಕು ಬಂದರೆ ಉಳಿದ ಐವರನ್ನು ಮಾಸ್ಕ್ ಉಳಿಸುವುದಿಲ್ಲ. ಮಲಗುವಾಗ ಯಾರೂ ಮಾಸ್ಕ್ ಹಾಕಿಕೊಳ್ಳುವುದೂ ಇಲ್ಲ.

ಲೆಕ್ಕ ಸರಳವಾಗಿದೆ, ನಿಮಗೆ ಅಳತೆಯ ಅಭ್ಯಾಸವೂ ಇದೆ. ಒಂಬತ್ತಡಿ ಎತ್ತರ ಎಂದುಕೊಂಡರೆ ಆ ಶೆಡ್ಡಿನಲ್ಲಿ 1,080 ಘನ ಅಡಿ, ಅಂದರೆ ಸುಮಾರು 30 ಘನ ಮೀಟರ್ ಗಾಳಿ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಒಬ್ಬ ಮನುಷ್ಯನಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಬೇಕು. ಆರು ಜನರಿಗೆ ಸೆಕೆಂಡಿಗೆ 60 ಲೀಟರ್, ಗಂಟೆಗೆ 216 ಘನ ಮೀಟರ್ ಆಯಿತು. ಎಂದರೆ ಎಂಟೊಂಬತ್ತು ನಿಮಿಷಕ್ಕೊಮ್ಮೆ ಶೆಡ್ಡಿನ ಗಾಳಿಯೆಲ್ಲ ಬದಲಾಗಬೇಕು. ಚೀಲ ತುರುಕಿದ ಶೆಡ್ಡಿನಲ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಒಂಬತ್ತು ಇಂಚಿನ ಒಂದು ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಇದಕ್ಕಿಂತ ಹೆಚ್ಚು ಗಾಳಿಯನ್ನು ಹೊರಹಾಕಬಲ್ಲದು, ಎದುರು ಗೋಡೆಯಲ್ಲಿ ಗಾಳಿ ಒಳಗೆ ಬರಲು ಕಿಂಡಿ ಇದ್ದರೆ. ಆ ಎದುರಿನ ಕಿಂಡಿಯನ್ನು ಮರೆಯುವವರೇ ಹೆಚ್ಚು. ಬಾಯಿ ಕಟ್ಟಿದ ಕೊಡದಿಂದ ನೀರು ಎಳೆದ ಹಾಗಾಗುತ್ತದೆ.

ಕರೆಂಟ್ ನಂಬಿ ಕೂರುವುದು ಬೇಡವೆಂದರೆ, ಎದುರುಬದುರು ಗೋಡೆಗಳಲ್ಲಿ ಎರಡೂವರೆ ಅಡಿಗೆ ಮೂರಡಿಯ ಎರಡು ಕಿಟಕಿ ಇಡಿ. ನೆಲದ ವಿಸ್ತೀರ್ಣದ ಎಂಟನೇ ಒಂದು ಭಾಗದಷ್ಟು ತೆರೆದ ಜಾಗ ಎಂಬ ಅಳತೆಯನ್ನು ನಾನು ಪಾಲಿಸುತ್ತೇನೆ, ಇಲ್ಲಿ ಅದು ಸರಿಯಾಗಿ ಹೊಂದುತ್ತದೆ. ಸೂರಿನ ಕೆಳಗೆ ಸುತ್ತಲೂ ಅರ್ಧ ಅಡಿ ತೆರಪು ಬಿಟ್ಟು ಸೊಳ್ಳೆ ಪರದೆಯ ಜಾಲರಿ ಹೊಡೆಸಿ, ತಗಡನ್ನು ಒಂದೂವರೆ ಅಡಿ ಹೊರಗೆ ಚಾಚಿಸಿದರೆ ಎರಚಲೂ ನಿಲ್ಲುತ್ತದೆ. ಕೋಲಾರದ ಡಿಸೆಂಬರ್, ಜನವರಿಯ ಚಳಿಯನ್ನು ನೀವು ಬಲ್ಲಿರಿ. ತೆರಪು ಮಲಗಿದವರ ತಲೆಯ ಮಟ್ಟದಲ್ಲಿದ್ದರೆ ಅವರು ಮುಚ್ಚಿಯೇ ಮುಚ್ಚುತ್ತಾರೆ, ಆದ್ದರಿಂದ ಮೇಲೆ ಇರಲಿ, ಜತೆಗೆ ಆಳಿಗೊಂದು ದಪ್ಪ ಕಂಬಳಿ ಕೊಡಿಸಿ. ಕಂಬಳಿಯನ್ನು ಸೋಂಕು ತಡೆಯುವ ಸಾಧನದ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ಮೊಬೈಲ್ ಕಳುವಿನ ಭಯಕ್ಕೆ ಕಿಟಕಿಗೆ ಹತ್ತು ಎಂಎಂ ಕಂಬಿಯ ಸರಳು ಬೆಸೆಸಿ, ನಿಮ್ಮ ಸೈಟಿನಲ್ಲಿ ತುಂಡು ಕಂಬಿಗೇನೂ ಬರವಿಲ್ಲ. ಮಲಗುವಾಗ ಒಬ್ಬರ ತಲೆ ಇತ್ತ, ಪಕ್ಕದವರ ತಲೆ ಅತ್ತ ಇರುವಂತೆ ಮಾಡಲು ಎದುರು ಗೋಡೆಗೂ ಒಂದು ಪ್ಲಗ್ ಪಾಯಿಂಟ್ ಹಾಕಿಸಿದರೆ ಸಾಕು, ಉಪದೇಶ ಬೇಕಾಗುವುದಿಲ್ಲ. ಕಟ್ಟಡದ ಭಾಷೆಯಲ್ಲಿ ಮೇಲಿನ ಕಿಂಡಿಗೆ ವೆಂಟಿಲೇಟರ್ ಎನ್ನುತ್ತೀರಿ. ಆ ವೆಂಟಿಲೇಟರ್ ಇದ್ದಿದ್ದರೆ ಆಸ್ಪತ್ರೆಯ ವೆಂಟಿಲೇಟರಿಗಾಗಿ ಅಲೆಯುವುದು ಆ ವರ್ಷ ಕೆಲವರಿಗಾದರೂ ತಪ್ಪುತ್ತಿತ್ತು.

ಈ ಖರ್ಚು ಮಹಾಮಾರಿ ಬಾರದಿದ್ದರೂ ದಂಡವಾಗುವುದಿಲ್ಲ. ಕ್ಷಯರೋಗ ಹರಡುವುದೂ ಇದೇ ಗಾಳಿಯ ದಾರಿಯಲ್ಲಿ, ಮತ್ತು ಅದು ಪ್ರತಿ ವರ್ಷವೂ ಇದೆ. ಎರಡು ವಾರ ಮೀರಿದ ಕೆಮ್ಮು ಇರುವ ಯಾರನ್ನೇ ಆಗಲಿ ಕಫ ಪರೀಕ್ಷೆಗೆ ಕಳುಹಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಇನ್ನು ಕೂಲಿಯ ಮಾತು. ದಿನಗೂಲಿಯವರಿಗೆ ಜ್ವರ ಎಂದರೆ ಎರಡು ನಷ್ಟ: ಮೈಯದು ಒಂದು, ಬಟವಾಡೆಯದು ಇನ್ನೊಂದು. ಶನಿವಾರದ ಬಟವಾಡೆಯಲ್ಲಿ ಮೂರು ದಿನ ಕಡಿಮೆಯಾದರೆ ಊರಿಗೆ ಕಳುಹಿಸುವ ಹಣದಲ್ಲಿ ಅಷ್ಟೂ ಕಡಿಮೆ, ಅಂಗಡಿಯ ಸಾಲ ಹಾಗೇ ಉಳಿಯುತ್ತದೆ. ಹಾಗಿರುವಾಗ ಜ್ವರ ಮುಚ್ಚಿಡುವುದು ಅವರ ದೃಷ್ಟಿಯಲ್ಲಿ ವಿವೇಕವೇ ಸರಿ. ಈ ಲೆಕ್ಕವನ್ನು ತಿರುಗಿಸುವ ಶಕ್ತಿ ನಿಮ್ಮ ಕೈಯಲ್ಲಿ ಮಾತ್ರ ಇದೆ. ಮೇಸ್ತ್ರಿಗೆ ದಿನಕ್ಕೆ 900 ರೂಪಾಯಿ, ಹೆಲ್ಪರಿಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಜ್ವರ ಬಂದ ಒಬ್ಬ ಹೆಲ್ಪರಿಗೆ ಐದು ದಿನದ ರಜೆಯ ಕೂಲಿ 3,000 ರೂಪಾಯಿ. ಅವನು ಮುಚ್ಚಿಟ್ಟು ಕೆಲಸಕ್ಕೆ ಬಂದು, ಇಬ್ಬರು ಮೇಸ್ತ್ರಿ, ಆರು ಹೆಲ್ಪರ್ ಇರುವ ತಂಡ ಮಲಗಿದರೆ ವಾರಕ್ಕೆ 32,400 ರೂಪಾಯಿಯ ಕೆಲಸ ನಿಲ್ಲುತ್ತದೆ. ಕಾಂಕ್ರೀಟಿನ ಅಚ್ಚಿಗೆಂದು ತಂದ ಸೆಂಟ್ರಿಂಗ್ ಶೀಟಿನ ಬಾಡಿಗೆ, ಮೋಲ್ಡ್ ಮುಂದಕ್ಕೆ ಹೋದ ನಷ್ಟ ಬೇರೆ.

ಗುತ್ತಿಗೆದಾರರು ಇಲ್ಲಿ ಕೇಳುವ ಪ್ರಶ್ನೆಯನ್ನು ನಾನು ಬಲ್ಲೆ: ಸುಳ್ಳು ಜ್ವರ ಹೇಳಿ ಮಲಗಿದರೆ? ಕೆಲವರು ಮಲಗುತ್ತಾರೆ. ಮೊದಲ ಎರಡು ದಿನಕ್ಕೆ ಏನನ್ನೂ ಕೇಳದೆ ಕೂಲಿ, ಮೂರನೆಯ ದಿನದಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ ಎಂಬ ನಿಯಮ ಇಟ್ಟುಕೊಳ್ಳಿ. ಆ ಎರಡು ದಿನದ ಸುಳ್ಳಿನ ಖರ್ಚು ಒಂದು ನಿಜವಾದ ಜ್ವರವನ್ನು ಬೇಗ ತಿಳಿಯುವುದಕ್ಕೆ ಕೊಟ್ಟ ಬೆಲೆ. ಇದಕ್ಕಿಂತ ದೊಡ್ಡ ತೊಡಕು ಚದರದ, ಅಂದರೆ ನೂರು ಚದರಡಿಯ, ಲೆಕ್ಕದ ಗುತ್ತಿಗೆಯಲ್ಲಿದೆ. ನೀವು ಚದರಕ್ಕೆ ಇಷ್ಟು ಎಂದು ಮೇಸ್ತ್ರಿಗೆ ಕೊಡುತ್ತೀರಿ, ಆಳುಗಳ ಕೂಲಿ ಅವನ ಕೈಯಿಂದ ಹೋಗುತ್ತದೆ, ರಜೆಯ ಕೂಲಿ ಅವನ ಲಾಭದಿಂದ ಕಡಿತವಾಗುತ್ತದೆ. ಹಾಗಾಗಿ ಜ್ವರವನ್ನು ನಿಮಗೆ ತಿಳಿಸದಿರಲು ಕಾರ್ಮಿಕನಿಗಿಂತ ಹೆಚ್ಚಿನ ಕಾರಣ ಮೇಸ್ತ್ರಿಗೇ ಇರುತ್ತದೆ. ರಜೆಯ ಕೂಲಿಯನ್ನು ಚದರದ ದರದಿಂದ ಹೊರಗಿಟ್ಟು ನೀವೇ ನೇರವಾಗಿ ಕಾರ್ಮಿಕರಿಗೆ ಕೊಡಬೇಕು, ಇದನ್ನು ಮೇಸ್ತ್ರಿಯ ಮುಂದೆಯೇ ಎಲ್ಲರಿಗೂ ಹೇಳಬೇಕು.

ಮೂರನೆಯದಾಗಿ, ಜನರನ್ನು ಬೆರೆಸದಿರುವುದು. ನಿಮ್ಮ ಉದ್ಯಮಕ್ಕೆ ಒಂದು ಅನುಕೂಲವಿದೆ, ಅಲ್ಲಿ ತಂಡಗಳು ಮೊದಲೇ ಇವೆ: ಕಂಬಿ ಕಟ್ಟುವವರು, ಸೆಂಟ್ರಿಂಗಿನವರು, ಗಾರೆಯವರು. ಒಂದು ತಂಡ ಒಂದೇ ಶೆಡ್ಡಿನಲ್ಲಿ ಮಲಗಲಿ, ಒಟ್ಟಿಗೆ ಊಟ ಮಾಡಲಿ, ಹಳ್ಳಿಯಿಂದ ಬರುವವರಾದರೆ ಒಂದೇ ಟ್ರಿಪ್ಪಿನಲ್ಲಿ ಬರಲಿ. ಆಗ ಸೋಂಕು ಬಂದರೂ ಎಂಟು ಜನರಲ್ಲಿ ನಿಲ್ಲುತ್ತದೆ, ನಲವತ್ತಕ್ಕೆ ಹೋಗುವುದಿಲ್ಲ. ಈ ಬೇಲಿಯನ್ನು ಮುರಿಯುವವರು ಸಾಮಾನ್ಯವಾಗಿ ಕೂಲಿಯವರಲ್ಲ. ಬೆಳಗ್ಗೆ ನರಸಾಪುರ, ಮಧ್ಯಾಹ್ನ ಬಂಗಾರಪೇಟೆ, ಸಂಜೆ ವೇಮಗಲ್ ಎಂದು ಬೈಕಿನಲ್ಲಿ ಮೂರು ಸೈಟು ಸುತ್ತುವ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಮತ್ತು ಬೇಸರ ಮಾಡಿಕೊಳ್ಳಬೇಡಿ, ಸ್ವತಃ ನೀವು. ಸೈಟಿನಲ್ಲಿ ಕಟ್ಟುನಿಟ್ಟಾಗಿ ಮಾಸ್ಕ್ ಹಾಕಬೇಕಾದವರು ಮೊದಲು ಈ ನಾಲ್ವರು. ಹಾಜರಿ ಕರೆಯುವುದು, ಬಟವಾಡೆ ಮಾಡುವುದು ತಂಡದಿಂದ ತಂಡಕ್ಕೆ ಹೋಗಿ ಹೊರಗೆ ನಿಂತು ಆಗಲಿ. ಸಿಮೆಂಟ್ ಕೋಣೆಯ ಬಾಗಿಲಲ್ಲಿ ನಲವತ್ತು ಜನ ಗುಂಪು ಕಟ್ಟುವ ಶನಿವಾರದ ಆ ಅರ್ಧ ಗಂಟೆ ಬೇಡ.

ಹನ್ನೊಂದು ಗಂಟೆಯ ಟೀ ಕೂಡ ಹೀಗೆಯೇ. ಬಿಸಿಲು ತಪ್ಪಿಸಲು ಎಲ್ಲರೂ ಮೆಟ್ಟಿಲ ಕೆಳಗೆ ಅಥವಾ ಒಳಕೋಣೆಯಲ್ಲಿ ವೃತ್ತವಾಗಿ ಕೂರುತ್ತಾರೆ, ಒಂದೇ ಬೀಡಿ ಇಬ್ಬರ ಬಾಯಿಗೆ ಹೋಗುತ್ತದೆ, ನಾಲ್ಕೇ ಲೋಟಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಾರೆ. ಟೀ ಕ್ಯಾನನ್ನು ತಂಡ ಇರುವ ಕಡೆಗೇ ಕಳುಹಿಸಿ, ಹೊಂಗೆ ಮರವೋ ಹಸಿರು ಪರದೆಯ ಚಪ್ಪರವೋ ಹೊರಗೆ ನೆರಳಿರಲಿ, ಲೋಟ ಅವರವರದು. ಟೆಂಪೊದ ವಿಷಯದಲ್ಲಿ 2020ರ ಕೇಂದ್ರದ ಆದೇಶ ವಾಹನದ ಸಾಮರ್ಥ್ಯದ ನೂರಕ್ಕೆ 30ರಿಂದ 40ರಷ್ಟು ಜನರನ್ನು ಮಾತ್ರ ಕೂರಿಸಲು ಹೇಳಿತ್ತು. ಎರಡು ಟ್ರಿಪ್ ಹೊಡೆಸಿ, ಕಿಟಕಿ ತೆಗೆದಿರಲಿ, ಆ ಇಪ್ಪತ್ತು ನಿಮಿಷ ಮಾಸ್ಕ್ ಇರಲಿ. ಗಾಳಿ ಚೆನ್ನಾಗಿ ಆಡುತ್ತದೆಂದು ಸರಕು ಸಾಗಿಸುವ ತೆರೆದ ವಾಹನದಲ್ಲಿ ನಿಲ್ಲಿಸಿ ಕರೆತರಬೇಡಿ. ಅದು ಕಾನೂನಿಗೂ ವಿರುದ್ಧ, ಸೋಂಕಿಗಿಂತ ಬೇಗ ಪ್ರಾಣ ತೆಗೆಯುವ ದಾರಿಯೂ ಹೌದು.

ಮಾಸ್ಕ್ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದರಲ್ಲಿ ನನ್ನ ಅಭಿಪ್ರಾಯ ಸುತ್ತೋಲೆಗಳಿಗಿಂತ ಸ್ವಲ್ಪ ಬೇರೆ. ಏಪ್ರಿಲ್ ಬಿಸಿಲಿನಲ್ಲಿ ಮೋಲ್ಡಿನ ಮೇಲೆ ದೂರ ದೂರ ನಿಂತು ಕಂಬಿ ಕಟ್ಟುವವರಿಗೆ ಮಾಸ್ಕ್ ಹಾಕಿಸುವುದರಿಂದ ಸಿಗುವ ರಕ್ಷಣೆ ಕಡಿಮೆ, ಬವಳಿ ಬರುವ ಅಪಾಯ ಹೆಚ್ಚು. ಸಾರುವೆಯ ಮೇಲೆ ರಕ್ಷಣಾ ಕನ್ನಡಕ ಮಬ್ಬಾದರೆ ಕಾಲು ಜಾರುತ್ತದೆ. ಆದರೆ ಕೆಲಸ ಒಳಗೆ ಸರಿದಾಗ, ಗಿಲಾಯಿ (ಪ್ಲಾಸ್ಟರಿಂಗ್), ಟೈಲ್ಸ್, ಪೇಂಟಿಂಗ್, ವೈರಿಂಗ್ ಒಟ್ಟೊಟ್ಟಿಗೆ ನಡೆಯುವ ಕೊನೆಯ ತಿಂಗಳುಗಳಲ್ಲಿ, ಮಾಸ್ಕ್ ಕಡ್ಡಾಯ. ಟೈಲ್ಸ್ ಕತ್ತರಿಸುವ ಸದ್ದಿನಲ್ಲಿ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಾರೆ, ಕೂಗಿದಷ್ಟೂ ಹನಿಗಳು ಹೆಚ್ಚು. ಅಲ್ಲಿ ಬಟ್ಟೆಯ ಮಾಸ್ಕ್ ಸಾಲದು, ಎನ್95 ಕೊಡಿ. ಮುಂದೆ ಪ್ಲಾಸ್ಟಿಕ್ ಬಿಲ್ಲೆಯಂಥ ವಾಲ್ವ್ ಇರುವುದನ್ನು ತರಬೇಡಿ, ಅದು ಹಾಕಿಕೊಂಡವರ ಉಸಿರನ್ನು ಸೋಸದೆಯೇ ಹೊರಬಿಡುತ್ತದೆ. ಬೆವರಿನಲ್ಲಿ ತೊಯ್ದ ಮಾಸ್ಕ್ ಕೆಲಸ ಮಾಡುವುದಿಲ್ಲವಾದ್ದರಿಂದ ಬದಲಿಸಲು ಇನ್ನೊಂದು ಬೇಕು.

ಎನ್95 ಖರ್ಚು ಜಾಸ್ತಿ ಎನಿಸಿದರೆ ನಮ್ಮ ಜಿಲ್ಲೆಯದೇ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹತ್ತಿಸಿಕೊಂಡವರ ಕೆಮ್ಮು ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನ ಲೈನ್ ಮನೆಗಳಲ್ಲಿ ಕೇಳುತ್ತಿತ್ತು. ಅದೇ ಸಿಲಿಕಾ ಧೂಳು ಗ್ರಾನೈಟ್ ಕತ್ತರಿಸುವಾಗ, ಕಾಂಕ್ರೀಟ್ ಕೊರೆಯುವಾಗ, ಒಣ ಗೋಡೆ ಉಜ್ಜುವಾಗ ನಿಮ್ಮ ಸೈಟಿನಲ್ಲೂ ಏಳುತ್ತದೆ. ಧೂಳಿನಿಂದ ಕೆಟ್ಟ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತದೆ, ಯಾವುದೇ ಉಸಿರಾಟದ ಸೋಂಕೂ ಅಲ್ಲಿ ಹೆಚ್ಚು ಹಾನಿ ಮಾಡುತ್ತದೆ. ಹಾಗಾಗಿ ಕಲ್ಲು ಕತ್ತರಿಸುವವರಿಗೆ ಎನ್95 ಮಹಾಮಾರಿಯ ಕಾಲಕ್ಕೆ ಮಾತ್ರ ಸೀಮಿತವಲ್ಲ, ನೀರು ಬಿಟ್ಟುಕೊಂಡು ಕತ್ತರಿಸುವ ಅಭ್ಯಾಸವೂ ಎಂದೆಂದಿಗೂ ಬೇಕು.

ಔಷಧಿ ಸಿಂಪಡಣೆಗೆ ಇನ್ನು ಮುಂದೆ ದುಡ್ಡು ಹಾಕಬೇಡಿ. ಮರಳಿನ ರಾಶಿಗೆ, ಇಟ್ಟಿಗೆಗೆ, ರಸ್ತೆಗೆ ಸಿಂಪಡಿಸಿದ್ದರಿಂದ ಕೋವಿಡ್ ತಡೆಯಾಗಲಿಲ್ಲ. ಉತ್ತರ ಪ್ರದೇಶದ ಬರೇಲಿಯಲ್ಲಿ 2020ರ ಮಾರ್ಚ್ ಕೊನೆಯಲ್ಲಿ ಊರಿಗೆ ಮರಳಿದ ಕಾರ್ಮಿಕರನ್ನು ನೆಲದ ಮೇಲೆ ಕೂರಿಸಿ ಅವರ ಮೈಮೇಲೆಯೇ ಸಿಂಪಡಿಸಿದ್ದು ನಿಮಗೆ ನೆನಪಿರಬಹುದು. ಮನುಷ್ಯರ ಮೇಲೆ ಸೋಂಕುನಾಶಕ ಸಿಂಪಡಿಸಬಾರದು, ಅದು ಕಣ್ಣಿಗೂ ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದು ಸ್ಪಷ್ಟವಾಗಿ ತಿಳಿಸಿತು. ಶೌಚಾಲಯಕ್ಕೆ ಬ್ಲೀಚಿಂಗ್ ಪುಡಿ ಇರಲಿ, ಅಷ್ಟು ಸಾಕು. ಸ್ಯಾನಿಟೈಸರ್ ಗಾರೆಯವರ ಕೈಗೆ ಸಲ್ಲುವುದಿಲ್ಲ: ಸಿಮೆಂಟ್ ಮೆತ್ತಿದ ಕೈಮೇಲೆ ಅದು ಕೆಲಸ ಮಾಡದು, ಸುಣ್ಣದ ಅಂಶಕ್ಕೆ ಬಿರಿದ ಚರ್ಮಕ್ಕೆ ತಾಗಿದರೆ ಉರಿ ತಡೆಯಲಾಗದು. ನಲ್ಲಿ ಇರುವ ಒಂದು ಡ್ರಮ್ಮು, ದಾರಕ್ಕೆ ಕಟ್ಟಿದ ಸೋಪು, ಕೈಗೆ ಹಚ್ಚಲು ಸ್ವಲ್ಪ ಕೊಬ್ಬರಿ ಎಣ್ಣೆ, ಇದು ಅದಕ್ಕಿಂತ ಅಗ್ಗ ಮತ್ತು ಉತ್ತಮ. ಕುಡಿಯುವ ನೀರು ಕೈತೊಳೆಯುವ ಜಾಗದಿಂದ, ಶೌಚದಿಂದ ಕನಿಷ್ಠ ಆರು ಮೀಟರ್ ದೂರವಿರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಮುಂದಿನ ಸೋಂಕು ಗಾಳಿಯದಾಗದೆ ನೀರಿನದಾದರೆ ನಿಮ್ಮನ್ನು ಕಾಯುವುದು ಈ ಆರು ಮೀಟರ್.

ಇಷ್ಟಾದರೂ ಯಾರಿಗಾದರೂ ಜ್ವರ ಬರುತ್ತದೆ. ಆಗ ಮಲಗಿಸಲು ಒಂದು ಕೋಣೆ ಮೊದಲೇ ಗೊತ್ತುಮಾಡಿರಬೇಕು. ಒಂದು ಕಡೆ ಜ್ವರದ ಹುಡುಗನನ್ನು ಸಿಮೆಂಟ್ ದಾಸ್ತಾನಿನ ಕೋಣೆಯಲ್ಲಿ, ಚೀಲಗಳ ನಡುವೆ ಮಲಗಿಸಿದ್ದನ್ನು ನೋಡಿದ್ದೇನೆ. ಅವನು ಕೆಮ್ಮಿದಾಗಲೆಲ್ಲ ಧೂಳು ಏಳುತ್ತಿತ್ತು. ಗೋಡೆ ಎದ್ದು ಮೋಲ್ಡ್ ಬಿದ್ದ, ಕಿಟಕಿಯ ಚೌಕಟ್ಟು ಮಾತ್ರ ಇರುವ ಕೆಳಮಹಡಿಯ ಕೋಣೆ ಇದಕ್ಕೆ ಪ್ರಶಸ್ತ, ಗಾಳಿಗೆ ಅಡ್ಡಿಯೇ ಇಲ್ಲ. ಬೇರೆ ಶೌಚದ ವ್ಯವಸ್ಥೆ, ಊಟ ತಂದುಕೊಡಲು ಗೊತ್ತಾದ ಒಬ್ಬರು, ಮತ್ತು ರಕ್ತದ ಆಮ್ಲಜನಕ ಅಳೆಯುವ ಒಂದು ಆಕ್ಸಿಮೀಟರ್ ಬೇಕು. ಆಕ್ಸಿಮೀಟರ್ ಹಾಕುವ ಮುಂಚೆ ಬೆರಳಿನ ಸಿಮೆಂಟ್, ಬಣ್ಣ, ಮೆಹಂದಿ ಇಲ್ಲದಂತೆ ನೋಡಿ, ಕೈ ಬೆಚ್ಚಗಿರಲಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿ. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದುಂಟು, ಹಾಗಾಗಿ 94, 95 ಎಂದು ಕಂಡರೂ ಸಮಾಧಾನಪಟ್ಟು ಕೂರಬೇಡಿ. ಆರು ನಿಮಿಷ ನಡೆಸಿ ಮತ್ತೆ ನೋಡಿದಾಗ ಮೂರು ಅಂಕ ಇಳಿದರೆ, ಅಥವಾ 94ಕ್ಕಿಂತ ಕೆಳಗೆ ಬಂದರೆ, ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ. ಸಂದೇಹವಿದ್ದರೆ ಆರೋಗ್ಯ ಸಹಾಯವಾಣಿ 104ರಲ್ಲಿ ಕೇಳಿ. ಕೋವಿಡ್‌ನ ಸೌಮ್ಯ ಪ್ರಕರಣಗಳಿಗೆ 2022ರ ಜನವರಿಯಿಂದ ಏಳು ದಿನ ಪ್ರತ್ಯೇಕವಾಸ, ಕೊನೆಯ ಮೂರು ದಿನ ಜ್ವರ ಇರಬಾರದು ಎಂಬ ನಿಯಮವಿತ್ತು. ಹೊಸ ರೋಗಕ್ಕೆ ಹೊಸ ಲೆಕ್ಕ ಬರುತ್ತದೆ. ಅದು ಬರುವ ತನಕ ಗಾಳಿಯಲ್ಲಿ ಹರಡುತ್ತದೆಂದೇ ಭಾವಿಸಿ ನಡೆಯಿರಿ.

ಇಲ್ಲೊಂದು ಎಚ್ಚರಿಕೆ. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಒಣಗದೆ ಗಟ್ಟಿಯಾಗಲೆಂದು, ಕಟ್ಟಿದ ನೀರು, ಲಿಫ್ಟ್ ಗುಂಡಿ, ತೆರೆದ ಡ್ರಮ್ಮು ಇರುವ ಸೈಟಿನಲ್ಲಿ ಬರುವ ಜ್ವರ ಡೆಂಗಿಯೂ ಆಗಿರಬಹುದು. ಪರೀಕ್ಷೆ ಆಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ, ಡೆಂಗಿಯಲ್ಲಿ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ಈ ಎಲ್ಲವೂ ನಡೆಯುವುದು ಅವರು ನಿಮ್ಮನ್ನು ನಂಬಿದರೆ. 2020ರ ಮೇ 5ರಂದು ಕಟ್ಟಡ ಉದ್ಯಮಿಗಳ ಜತೆ ಸಭೆ ನಡೆಸಿದ ಬಳಿಕ ರಾಜ್ಯ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ ರೈಲುಗಳನ್ನು ಕೈಬಿಡಲು ಹೊರಟಿತು, ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿತು. ಅಷ್ಟರಲ್ಲಿ ತಮ್ಮನ್ನು ಹಿಡಿದಿಟ್ಟುಕೊಳ್ಳುತ್ತಾರೆ ಎಂಬ ಭಯ ಹಬ್ಬಿಯಾಗಿತ್ತು, ಎಷ್ಟೋ ಜನ ನಡೆದೇ ಹೊರಟರು. ಆಧಾರ್ ಕಾರ್ಡನ್ನು ಮೇಸ್ತ್ರಿಯ ಬಳಿ ಇಟ್ಟುಕೊಳ್ಳುವುದು, ಓಡಿಹೋಗದಿರಲೆಂದು ಎರಡು ವಾರದ ಬಟವಾಡೆ ಹಿಡಿಯುವುದು, ಇವು ಇರುವ ಸೈಟಿನಲ್ಲಿ ಜ್ವರ ಬಂದವರು ಹೇಳುವುದಿಲ್ಲ, ರಾತ್ರೋರಾತ್ರಿ ಹೊರಟುಬಿಡುತ್ತಾರೆ. ಹೋಗಬೇಕೆಂದವರಿಗೆ ಲೆಕ್ಕ ಚುಕ್ತಾ ಮಾಡಿ ಕಳುಹಿಸಿ. ಸೂಚನೆಗಳನ್ನು ಕನ್ನಡದ ಬೋರ್ಡಿನಲ್ಲಿ ಬರೆದು ಕೈತೊಳೆದುಕೊಳ್ಳುವ ಬದಲು, ಪ್ರತಿ ತಂಡದಲ್ಲಿ ಮಾತು ನಡೆಯುವ ಒಬ್ಬರಿಂದ ಅವರ ಭಾಷೆಯಲ್ಲೇ ಹೇಳಿಸಿ. ನಮ್ಮ ಕಡೆಯ ಅರ್ಧ ಗಾರೆಯವರಿಗೆ ಮನೆಮಾತು ತೆಲುಗು ಎಂಬುದೂ ನೆನಪಿರಲಿ.

ಕೊನೆಯದಾಗಿ ಕಾಗದದ ಕೆಲಸ, ಇದಕ್ಕೆ ಖರ್ಚಿಲ್ಲ. 2020ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತರಿಗೆ ಎರಡು ಕಂತಿನಲ್ಲಿ ಒಟ್ಟು 5,000 ರೂಪಾಯಿ ಕೊಟ್ಟಿತು, 2021ರಲ್ಲಿ 3,000 ರೂಪಾಯಿಯ ನೆರವು ಪ್ರಕಟವಾಯಿತು. ಕಾರ್ಡ್ ಇಲ್ಲದವರು ನೋಡುತ್ತಾ ನಿಂತರು. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು, ಅದಕ್ಕೆ ಬೇಕಾದ ಉದ್ಯೋಗ ದೃಢೀಕರಣ ಪತ್ರಕ್ಕೆ ಗುತ್ತಿಗೆದಾರರಾದ ನೀವು ಸಹಿ ಹಾಕಿಕೊಡಬಹುದು. ಲಸಿಕೆಯಲ್ಲೂ ಇಂಥದೇ ಒಂದು ಸಣ್ಣ ತೊಡಕು ದೊಡ್ಡದಾಗಿತ್ತು: ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್ ಜಾಲತಾಣದಲ್ಲಿ ಮೊದಮೊದಲು ಒಂದು ಮೊಬೈಲ್ ನಂಬರಿಗೆ ನಾಲ್ಕು ಜನರನ್ನು ಸೇರಿಸಬಹುದಿತ್ತು, ತಂಡದವರೆಲ್ಲ ಮೇಸ್ತ್ರಿಯ ನಂಬರ್ ಕೊಟ್ಟರು, ಸೈಟು ಬದಲಾದ ಮೇಲೆ ಒಟಿಪಿ ಒಂದು ಕಡೆ, ಮನುಷ್ಯ ಒಂದು ಕಡೆ. ಈಗಲೇ ಪ್ರತಿಯೊಬ್ಬರ ಸ್ವಂತ ನಂಬರ್, ಊರಿನ ವಿಳಾಸ, ಮನೆಯವರ ನಂಬರನ್ನು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಕಿಟಕಿಯ ಕೆಲಸವನ್ನು ಮುಂದಿನ ಮೋಲ್ಡಿನ ಸೆಂಟ್ರಿಂಗ್ ಬಿಚ್ಚುವ ವಾರಕ್ಕೆ ಇಟ್ಟುಕೊಂಡರೆ ಹಲಗೆಯೂ ಸಿಗುತ್ತದೆ, ಕೈ ಬಿಡುವಾದ ಬಡಗಿಯೂ ಸಿಗುತ್ತಾನೆ. ಆ ಜ್ವರದ ಗನ್ನನ್ನು ಕಪಾಟಿನಲ್ಲೇ ಬಿಟ್ಟು, ಶೆಡ್ಡಿಗೊಂದರಂತೆ ಕಂಕುಳಲ್ಲಿ ಇಡುವ ಡಿಜಿಟಲ್ ಥರ್ಮಾಮೀಟರ್ ಕೊಡಿಸಿ, ಅದು ಅವರ ಬಳಿಯೇ ಇರಲಿ. ರಜೆಗೆ ಕೂಲಿ ಉಂಟೆಂದು ಗೊತ್ತಿರುವವರು ರಾತ್ರಿ ಮೈ ಬಿಸಿಯಾದಾಗ ತಾವೇ ನೋಡಿಕೊಂಡು, ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲು ನಿಮಗೆ ಫೋನ್ ಮಾಡುತ್ತಾರೆ.